ಮಾರಿಕುಪ್ಪಂ ನಿಲ್ದಾಣ ಯಾರ ಸ್ಮಾರಕ?



ಕೋಲಾರದ ಚಿನ್ನದ ಗಣಿಗಳ ಪ್ರಸ್ತಾಪ ಬಂದೊಡನೆ 'ಮಿನಿ ಇಂಗ್ಲೆಂಡ್' ಎಂಬ ಉದ್ಗಾರ ಕೆಲವರ ಬಾಯಿಂದ ತಾನಾಗಿ ಹೊರಡುತ್ತದೆ. ಬಂಗಲೆ, ಕ್ಲಬ್ಬು, ಕೊನೆಗೆ ಹಳೆಯ ರೈಲು ನಿಲ್ದಾಣಗಳು ಕೂಡ ಇವರ ಪಾಲಿಗೆ ದೊರೆಗಳ ವೈಭವದ ಕುರುಹುಗಳೇ. ಈ ಮಾತನ್ನು ನಾನು ಖಂಡಿತವಾಗಿ ಒಪ್ಪಲಾರೆ.

ಬೌರಿಂಗ್‌ಪೇಟೆ, ಅಂದರೆ ಇಂದಿನ ಬಂಗಾರಪೇಟೆಯಿಂದ ಮಾರಿಕುಪ್ಪಂವರೆಗಿನ ಕವಲು ಮಾರ್ಗ ಆರಂಭವಾದದ್ದು 1894ರಲ್ಲಿ. ಹತ್ತು ಮೈಲಿಯಷ್ಟರ ದಾರಿ. ಕೋರಮಂಡಲ, ಊರಿಗಾಂ, ಚಾಂಪಿಯನ್ ಎಂಬ ನಿಲ್ದಾಣಗಳ ಹೆಸರುಗಳಲ್ಲಿಯೇ ಗಣಿಗಳಿವೆ. ಶಿವನಸಮುದ್ರದ ವಿದ್ಯುತ್ತು ಇಲ್ಲಿಗೆ ತಲುಪಿದ್ದು 1902ರಲ್ಲಿ. ಅದನ್ನು ತರಗತಿಯಲ್ಲಿ ನಾವೆಲ್ಲ ಹೆಮ್ಮೆಯಿಂದ ಓದಿದೆವು, ಓದಿಸಿದೆವು. ಅದಕ್ಕೂ ಎಂಟು ವರ್ಷ ಮೊದಲೇ ರೈಲು ಬಂದಿತ್ತು. ಅದು ಬಂದದ್ದು ದೊರೆಗಳ ವಿಹಾರಕ್ಕಲ್ಲ, ಗಣಿಯ ದುಡಿಮೆಗೆ.

ಆ ದುಡಿಮೆ ಯಾರದು? ಬಹುಪಾಲು ತಮಿಳು ಸೀಮೆಯಿಂದ, ಹಾಗೆಯೇ ನೆರೆಯ ತೆಲುಗು ಸೀಮೆಯಿಂದ ಬಂದವರದು. ಅವರಲ್ಲಿ ಹೆಚ್ಚಿನವರು ದಲಿತರು. ಚಾಂಪಿಯನ್ ರೀಫ್‌ನಲ್ಲಿ ಅವರು ಮೂರು ಕಿಲೋಮೀಟರಿಗೂ ಮಿಕ್ಕ ಆಳಕ್ಕೆ ಇಳಿದರು. ಆ ಆಳದ ಒತ್ತಡಕ್ಕೆ ಬಂಡೆ ಹಠಾತ್ತನೆ ಸಿಡಿದು ಕೆಲವರನ್ನು ಕೊಂದಿತು. ಕಲ್ಲಿನ ಧೂಳು ಶ್ವಾಸಕೋಶ ಸೇರಿ ಹಲವರನ್ನು ಮೆಲ್ಲಮೆಲ್ಲಗೆ ಕೊಂದಿತು. ಚಿನ್ನ ಊರು ದಾಟಿ ಹೋಯಿತು, ಧೂಳು ಅವರ ಎದೆಯಲ್ಲಿ ಉಳಿಯಿತು.

2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದವು. 'ಊರು ಸತ್ತಿತು' ಎಂದು ಬರೆದವರು ಮುಂಜಾನೆಯ ರೈಲನ್ನು ನೋಡಿರಲಾರರು. ಗಣಿಕಾರ್ಮಿಕರ ಮಕ್ಕಳು ಮೊಮ್ಮಕ್ಕಳು ಬುತ್ತಿ ಹಿಡಿದು ಇದೇ ಹಳಿಗಳ ಮೇಲೆ ದಿನವೂ ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ, ರಾತ್ರಿ ಮರಳುತ್ತಾರೆ. ಒಂದು ಕಾಲದಲ್ಲಿ ಈ ಹಳಿ ದುಡಿಯುವವರನ್ನು ಊರಿಗೆ ತಂದಿತು. ಇಂದು ಅವರ ಸಂತತಿಯನ್ನೇ ದುಡಿಮೆಗಾಗಿ ಹೊರಗೊಯ್ಯುತ್ತಿದೆ. ಸತ್ತ ಊರಿನಲ್ಲಿ ರೈಲು ಹೀಗೆ ತುಂಬುವುದಿಲ್ಲ.

ಆದುದರಿಂದ, ಈ ನಿಲ್ದಾಣಗಳನ್ನು 'ಪಾರಂಪರಿಕ ಕಟ್ಟಡ'ಗಳೆಂದು ಬಣ್ಣ ಬಳಿದು ನಿಲ್ಲಿಸಿದರೆ ಸಾಲದು. ಹಳೆಯ ಕಲ್ಲನ್ನು ಗೌರವಿಸಿ, ಹೊಸ ಪ್ರಯಾಣಿಕನನ್ನು ನಿಲ್ಲಲು ನೆರಳಿಲ್ಲದೆ ಬಿಡುವುದು ಎಂಥ ಪರಂಪರೆ? ಸಾಕಷ್ಟು ಗಾಡಿಗಳು, ಕುಳಿತುಕೊಳ್ಳಲು ಬೆಂಚು, ಕುಡಿಯಲು ನೀರು, ಹೆಂಗಸರಿಗೆ ಶೌಚಾಲಯ ಇವೇ ಮೊದಲ ಸಂರಕ್ಷಣೆ. ಆಮೇಲೆ ಒಂದು ಕಲ್ಲುಫಲಕ: ಕನ್ನಡ, ತಮಿಳು, ತೆಲುಗು ಮೂರರಲ್ಲಿಯೂ, ಗಣಿಯಲ್ಲಿ ಮಡಿದವರ ಹೆಸರುಗಳು.

ನನ್ನ ಶಿಷ್ಯರಲ್ಲಿ ಎಂಜಿನಿಯರರಿದ್ದೀರಿ, ಅಧಿಕಾರಿಗಳಿದ್ದೀರಿ, ಪತ್ರಿಕೆಗಳಲ್ಲಿ ಬರೆಯುವವರಿದ್ದೀರಿ. ಕೋಲಾರದ ಚಿನ್ನದ ಬಗ್ಗೆ ಬರೆಯುವಾಗ, ಮಾತಾಡುವಾಗ, ಅದನ್ನು ಅಗೆದವರಿಂದಲೇ ಆರಂಭಿಸಿ. ನಿಮ್ಮ ಮೇಷ್ಟರ ಕೋರಿಕೆ ಇಷ್ಟೇ.