ಹಾಜರಿ ಬಿದ್ದರೆ ಕೆಲಸ ಆದಂತೆಯೇ?

ಜೀವನ್ ಬಿಮಾ ನಗರದಲ್ಲಿ ಕಿರಾಣಿ ಅಂಗಡಿ ಇಟ್ಟಿರುವ ಹಿರಿಯ ಮಿತ್ರರೊಬ್ಬರು ಮೊನ್ನೆ ಒಂದು ಕಾಗದ ತಂದು ನನ್ನ ಮುಂದಿಟ್ಟರು. “ಮೇಷ್ಟ್ರೇ, ಇದೇನೆಂದು ಓದಿ ಹೇಳಿ” ಎಂದರು. ಅವರ ಮಡದಿಗೆ ಕ್ಯಾನ್ಸರ್. ಖಾಸಗಿ ವೈದ್ಯರೊಬ್ಬರು ಲಸಿಕೆ ಕೊಟ್ಟು, ರಕ್ತ ಪರೀಕ್ಷಿಸಿ, ‘ಟಿ ಕೋಶಗಳು ಹೆಚ್ಚಿವೆ’ ಎಂದು ಬರೆದುಕೊಟ್ಟಿದ್ದರು. ಮುಂದಿನ ಕಂತಿನ ಹಣಕ್ಕೆ ಅಂಗಡಿಯನ್ನು ಅಡವಿಡಬೇಕೇ? ಇದು ಅವರ ಪ್ರಶ್ನೆ.

ಇದು ಗರ್ಭಕಂಠದ ಕ್ಯಾನ್ಸರ್ ಬಾರದಂತೆ ಹುಡುಗಿಯರಿಗೆ ಕೊಡುವ ಎಚ್‌ಪಿವಿ ಲಸಿಕೆಯಲ್ಲ. ಅದರ ಗುಣ ಸಿದ್ಧವಾಗಿದೆ; ಅದನ್ನು ಕೊಡಿಸತಕ್ಕದ್ದೇ. ಇದು ರೋಗ ಬಂದ ಮೇಲೆ ಕೊಡುವುದು. ದೇಹದ ಕಾವಲು ಕೋಶಗಳಿಗೆ ಗಡ್ಡೆಯ ಗುರುತು ತೋರಿಸಿ ‘ಇದನ್ನು ಹಿಡಿಯಿರಿ’ ಎಂದು ಹೇಳುವ ಪ್ರಯತ್ನ. ಕಾವಲು ಎಚ್ಚೆತ್ತಿತೇ ಎಂದು ತಿಳಿಯಲು ರಕ್ತ ತೆಗೆಯುತ್ತಾರೆ. ಎಲಿಸ್ಪಾಟ್ ಎಂಬ ಪರೀಕ್ಷೆಯಲ್ಲಿ ಕೋಶಗಳನ್ನು ತಟ್ಟೆಯ ಸಣ್ಣ ಗುಳಿಗಳಲ್ಲಿ ಹಾಕಿ ಅದೇ ಗುರುತನ್ನು ತೋರಿಸುತ್ತಾರೆ. ಗುರುತು ಹಿಡಿದ ಕೋಶ ರಸ ಸುರಿಸಿದ ಕಡೆ ಒಂದು ಚುಕ್ಕೆ ಮೂಡುತ್ತದೆ. ಚುಕ್ಕೆ ಎಣಿಸಿದರೆ ಎಚ್ಚೆತ್ತ ಕೋಶಗಳ ಲೆಕ್ಕ ಸಿಕ್ಕಿತು. ಫ್ಲೋ ಸೈಟೋಮೀಟರ್ ಎಂಬ ಯಂತ್ರವೂ ಇದೆ; ಅದು ಕೋಶಗಳನ್ನು ಒಂದೊಂದಾಗಿ ಲೇಸರ್ ಬೆಳಕಿನ ಮುಂದೆ ಹಾಯಿಸಿ ಎಣಿಸುತ್ತದೆ.

ಗಿರಣಿಯ ಬಂಧುಗಳೆ, ಬೆಳಗಿನ ಪಾಳಿಯ ಹಾಜರಿಯಲ್ಲಿ ಇನ್ನೂರು ಹೆಸರು ಬಿದ್ದ ಮಾತ್ರಕ್ಕೆ ಬಟ್ಟೆ ನೆಯ್ದಂತಾಯಿತೇ? ನೂಲು ಬರಬೇಕು, ಮಗ್ಗ ಓಡಬೇಕು. ಚುಕ್ಕೆಗಳ ಎಣಿಕೆ ಹಾಜರಿ ಮಾತ್ರ. ರಕ್ತದಲ್ಲಿರುವ ಕೋಶ ಗಡ್ಡೆಯೊಳಗೆ ಹೋಗದೆ ಇರಬಹುದು. ಹೋದರೂ ಗಡ್ಡೆ ಅದನ್ನು ಮಂಕು ಮಾಡಬಹುದು. ಗಡ್ಡೆ ಕುಗ್ಗಿತೇ, ರೋಗಿ ಹೆಚ್ಚು ಕಾಲ ಬದುಕಿದರೇ ಎಂಬುದೇ ದುಡಿಮೆಯ ಲೆಕ್ಕ.

ಇದು ನನ್ನ ಕಲ್ಪನೆಯಲ್ಲ. ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ಡಾ. ಸ್ಟೀವನ್ ರೋಸೆನ್‌ಬರ್ಗ್ ಮತ್ತು ಸಂಗಡಿಗರು 2004ರಲ್ಲಿ ತಮ್ಮದೇ ಲೆಕ್ಕವನ್ನು ಮುಚ್ಚಿಡದೆ ಪ್ರಕಟಿಸಿದರು. ಲಸಿಕೆ ಪಡೆದ 440 ರೋಗಿಗಳಲ್ಲಿ ಗಡ್ಡೆ ಕುಗ್ಗಿದ್ದು ನೂರಕ್ಕೆ 2.6ರಷ್ಟು ಮಂದಿಗೆ. ರಕ್ತದಲ್ಲಿ ಕೋಶಗಳು ಎದ್ದಿದ್ದರೂ ಗಡ್ಡೆ ಬೆಳೆದ ನಿದರ್ಶನಗಳಿದ್ದವು.

ಹಾಗೆಂದು ಎಣಿಕೆ ವ್ಯರ್ಥವೆಂದು ತಿಳಿಯಬಾರದು. ನ್ಯೂಯಾರ್ಕಿನಲ್ಲಿ ಮೇದೋಜೀರಕ ಗ್ರಂಥಿಯ ಕ್ಯಾನ್ಸರಿನ 16 ಮಂದಿಗೆ ಶಸ್ತ್ರಚಿಕಿತ್ಸೆಯ ನಂತರ, ಬೇರೆ ಔಷಧಗಳ ಜೊತೆಗೆ, ಹೊಸ ಲಸಿಕೆ ಕೊಟ್ಟರು. 8 ಮಂದಿಯಲ್ಲಿ ಕೋಶಗಳು ಎದ್ದವು. ಮೂರು ವರ್ಷಗಳ ನಿಗಾದಲ್ಲಿ ಅವರ ಪೈಕಿ 6 ಮಂದಿಗೆ ರೋಗ ಮರಳಲಿಲ್ಲ. ಕೋಶ ಏಳದ 8 ಮಂದಿಯಲ್ಲಿ 7 ಮಂದಿಗೆ ಮರಳಿತು. ಇದು ಆಶೆ ಹುಟ್ಟಿಸುವ ಸುದ್ದಿ. ಆದರೆ ಮೊದಲೇ ಗಟ್ಟಿಯಾಗಿದ್ದವರಲ್ಲೇ ಕೋಶಗಳು ಎದ್ದವೋ ಏನೋ, 16 ಮಂದಿಯಿಂದ ಅದನ್ನು ತೀರ್ಮಾನಿಸಲಾಗದು. ಲಸಿಕೆ ಪಡೆದವರನ್ನೂ ಪಡೆಯದವರನ್ನೂ ಹೋಲಿಸುವ ದೊಡ್ಡ ಪರೀಕ್ಷೆ ಬೇಕು.

ಈ ಎಣಿಕೆ ಹಣವಂತರ ಸೊತ್ತಾಗಬೇಕಾಗಿಯೂ ಇಲ್ಲ. ಶಿವಾಜಿನಗರದ ಬೌರಿಂಗ್ ಆಸ್ಪತ್ರೆಯಲ್ಲಿ ಎಚ್‌ಐವಿ ರೋಗಿಗಳಿಗಾಗಿ ಎಆರ್‌ಟಿ ಕೇಂದ್ರವಿದೆ. 2004ರ ಏಪ್ರಿಲ್ 1ರಂದು ಸರ್ಕಾರ ಉಚಿತ ಔಷಧದ ಕಾರ್ಯಕ್ರಮ ಆರಂಭಿಸಿತು. ಇಂಥ ಕೇಂದ್ರಗಳ ರೋಗಿಗಳಿಗೆ ಸಿಡಿ4 ಕೋಶಗಳ ಎಣಿಕೆಯೂ ಬಿಡಿಗಾಸಿಲ್ಲದೆ ದೊರೆಯುತ್ತ ಬಂದಿದೆ. ಅದೂ ಟಿ ಕೋಶವೇ. ಎಣಿಸುವುದೂ ಫ್ಲೋ ಸೈಟೋಮೀಟರಿನ ಬಗೆಯ ಯಂತ್ರವೇ. ಅಲ್ಲಿ ಸಾಧ್ಯವಾದುದು ಕ್ಯಾನ್ಸರ್ ರೋಗಿಗೆ ಏಕೆ ಸಾಧ್ಯವಾಗಬಾರದು? 1973ರಿಂದ ಬಡವರ ಕೈಹಿಡಿದಿರುವ ಕಿದ್ವಾಯಿ ಸಂಸ್ಥೆಗೆ ಇದಕ್ಕಾಗಿ ಹಣ ಕೊಡಲಿ. ಮಾರುವವನೇ ತೂಗುವ ತಕ್ಕಡಿಯನ್ನು ಯಾವ ವ್ಯಾಪಾರಿ ನಂಬುತ್ತಾನೆ?

ಲಸಿಕೆ ಕೊಡುತ್ತೇವೆನ್ನುವವರನ್ನು ಕೇಳಿರಿ: ಇದು ಒಪ್ಪಿಗೆ ಪಡೆದ ಔಷಧವೇ, ಇಲ್ಲವೆ ಪ್ರಯೋಗವೇ? ಪ್ರಯೋಗವಾದರೆ ನೋಂದಣಿ ಸಂಖ್ಯೆ ಎಲ್ಲಿ? 2009ರ ಜೂನ್ 15ರಿಂದ ಔಷಧ ಪ್ರಯೋಗಗಳ ನೋಂದಣಿ ಕಡ್ಡಾಯವಾಗಿದೆ. ಲಸಿಕೆ ಪಡೆದವರು ಪಡೆಯದವರಿಗಿಂತ ಎಷ್ಟು ಹೆಚ್ಚು ಕಾಲ ಬದುಕಿದರು?

ಮಿತ್ರರಿಗೆ ನಾನು ಹೇಳಿದ್ದಿಷ್ಟು: “ಯಜಮಾನರೆ, ಈ ಕಾಗದ ನಂಬಿ ಅಂಗಡಿ ಅಡವಿಡಬೇಡಿ. ನಡೆಯುತ್ತಿರುವ ಚಿಕಿತ್ಸೆಯನ್ನೂ ಬಿಡಬೇಡಿ. ಸೋಮವಾರ ಕಿದ್ವಾಯಿಗೆ ಹೋಗೋಣ, ನಾನೂ ಬರುತ್ತೇನೆ.”