ಪೇಟೆಯ ಮಾತು: ಹುಂಡಿ ಹೋಯಿತು, ಕ್ಯೂಆರ್ ಬಂತು



ನಮ್ಮ ಹಿರಿಯರ ಕಾಲದಲ್ಲಿ ಹುಂಡಿಯ ಬೆಲೆ ಅದರ ಕೆಳಗಿನ ಸಹಿಯಲ್ಲಿತ್ತು. ದರ್ಶನಿ ಹುಂಡಿಯಾದರೆ ತೋರಿಸಿದೊಡನೆ ಹಣ. ಮುದ್ದತಿ ಹುಂಡಿಯಾದರೆ ಅವಧಿ ತುಂಬಿದ ಮೇಲೆ. ಬಳಿಕ ಬ್ಯಾಂಕು ಬಂತು. ಮ್ಯಾನೇಜರರು ಅಂಗಡಿಗೆ ಬಂದು ಸರಕು ನೋಡಿ, ಪೇಟೆಯಲ್ಲಿ ನಾಲ್ಕು ಜನರನ್ನು ವಿಚಾರಿಸಿ ಸಾಲ ಮಂಜೂರು ಮಾಡುತ್ತಿದ್ದರು. ಎರಡೂ ಕಾಲದಲ್ಲಿ ಹೆಸರೇ ಪತ್ತು.

2016ರಲ್ಲಿ ಯುಪಿಐ ಬಂತು. ಈಗ ಸೊಲ್ಲಾಪುರವಿರಲಿ, ಅಕ್ಕಲಕೋಟೆಯಿರಲಿ, ಗಲ್ಲೆಯ ಪಕ್ಕದ ಡಬ್ಬಿ ಬಂದ ಹಣವನ್ನು ಕೂಗಿ ಹೇಳುತ್ತದೆ. ಗ್ರಾಹಕರು ತಮ್ಮ ಬ್ಯಾಂಕ್ ಖಾತೆಯಿಂದ ಹೀಗೆ ಕೊಟ್ಟ ಹಣಕ್ಕೆ ವ್ಯಾಪಾರಿಯಿಂದ ಶುಲ್ಕ ಹಿಡಿಯಬಾರದೆಂದು 2020ರ ಜನವರಿಯಿಂದ ನಿಯಮವಾಗಿದೆ. ಹಾಗಾದರೆ ಕ್ಯೂಆರ್ ಕಂಪನಿಗಳ ಹೊಟ್ಟೆ ತುಂಬುವುದು ಹೇಗೆ? ಡಬ್ಬಿಯ ಬಾಡಿಗೆ ಒಂದು, ಸಾಲ ಕೊಡಿಸುವ ದಲಾಲಿ ಇನ್ನೊಂದು.

ಇದರಲ್ಲಿ ಒಳ್ಳೆಯದೂ ಇದೆ. ಆಸ್ತಿ ಪತ್ರವಿಲ್ಲದ ಚಹಾ ಅಂಗಡಿಯವನಿಗೆ ಬ್ಯಾಂಕಿನ ಬಾಗಿಲು ಸುಲಭವಾಗಿ ತೆರೆಯುತ್ತಿರಲಿಲ್ಲ. ಇಂದು ಅವನ ದಿನನಿತ್ಯದ ಜಮೆಯೇ ಸಾಕ್ಷಿ. 2021ರಿಂದ, ನಾವು ಒಪ್ಪಿಗೆ ಕೊಟ್ಟರೆ ಖಾತೆಯ ವಿವರ ಒಂದು ಬ್ಯಾಂಕಿನಿಂದ ಇನ್ನೊಂದಕ್ಕೆ ಕಾಗದವಿಲ್ಲದೆ ಹೋಗುವ ವ್ಯವಸ್ಥೆಯೂ ಆಗಿದೆ.

ಆದರೆ ಲೆಕ್ಕ ನೋಡಿರಿ. ‘1 ಲಕ್ಷ ರೂಪಾಯಿ, ಒಂದು ವರ್ಷ, ಬಡ್ಡಿ ಶೇಕಡಾ 12 ಮಾತ್ರ’ ಎಂದು ಮೊಬೈಲಿಗೆ ಸಂದೇಶ ಬರುತ್ತದೆ. ಪೂರ್ತಿ ಲಕ್ಷದ ಮೇಲೆ ವರ್ಷದ ಬಡ್ಡಿ ಹಿಡಿದರೆ ತೀರಿಸಬೇಕಾದ್ದು 1,12,000. ದಿನಕ್ಕೆ ಸುಮಾರು 307 ರೂಪಾಯಿ ನಮ್ಮ ಜಮೆಯಿಂದಲೇ ಕಡಿತ. ಅಸಲು ಮೊದಲ ದಿನದಿಂದ ಇಳಿಯುತ್ತ ಹೋಗುವುದರಿಂದ ವರ್ಷವಿಡೀ ನಮ್ಮ ಕೈಯಲ್ಲಿರುವುದು ಸರಾಸರಿ ಅರ್ಧ ಲಕ್ಷ. ನಿಜವಾದ ಬಡ್ಡಿ ಶೇಕಡಾ 22ಕ್ಕೂ ಮೇಲೆ! ಸುಗ್ಗಿಯಲ್ಲಿ ಈ ಕಡಿತ ತಿಳಿಯದು; ಪೇಟೆ ಮಂದವಾದ ದಿನಗಳಲ್ಲಿ ಸರಕು ತರುವ ಹಣವನ್ನೇ ತಿನ್ನುತ್ತದೆ. ಹಿಂದಿನ ಮ್ಯಾನೇಜರರು ಮಳೆ ಹೋಯಿತೆಂದರೆ ಒಂದು ತಿಂಗಳು ಸೈರಿಸಿಕೊಳ್ಳುತ್ತಿದ್ದರು. ಯಂತ್ರಕ್ಕೆ ಬರಗಾಲ ಗೊತ್ತಿಲ್ಲ.

ರಿಸರ್ವ್ ಬ್ಯಾಂಕು 2022ರಲ್ಲಿ ಮೊಬೈಲ್ ಸಾಲಕ್ಕೆ ನಿಯಮ ಮಾಡಿದೆ. ಎಲ್ಲ ಖರ್ಚು ಸೇರಿಸಿದ ವಾರ್ಷಿಕ ದರವನ್ನು ಮೊದಲೇ ಬರೆದು ಕೊಡಬೇಕು. ಹಣ ಸಾಲ ಕೊಡುವ ಸಂಸ್ಥೆಯಿಂದ ನೇರ ನಮ್ಮ ಖಾತೆಗೇ ಬರಬೇಕು. ಮನಸ್ಸು ಬದಲಾದರೆ ಗೊತ್ತುಪಡಿಸಿದ ಅವಧಿಯೊಳಗೆ ದಂಡವಿಲ್ಲದೆ ಹಿಂದಿರುಗಿಸಬಹುದು. ನಿಯಮಕ್ಕೆ ಒಳಪಟ್ಟ ಆ್ಯಪುಗಳ ಪಟ್ಟಿಯನ್ನು 2025ರ ಜುಲೈಯಿಂದ ರಿಸರ್ವ್ ಬ್ಯಾಂಕೇ ಪ್ರಕಟಿಸುತ್ತಿದೆ.

ಅಂಗಡಿ ನೋಡಿಕೊಳ್ಳುವ ಮಕ್ಕಳಿಗೆ, ಸೊಸೆಯಂದಿರಿಗೆ ನಾಲ್ಕು ಮಾತು. ಮನೆಯ ಖಾತೆ, ಅಂಗಡಿಯ ಖಾತೆ ಬೇರೆ ಇರಲಿ. ಡಬ್ಬಿ ಕೂಗಿತೆಂದು ಬಿಡದೆ ಸಂಜೆ ಕಿರ್ದಿಗೂ ಬ್ಯಾಂಕಿನ ಜಮೆಗೂ ತಾಳೆ ನೋಡಿರಿ. ಹಣ ಪಡೆಯಲು ಪಿನ್ ಒತ್ತಬೇಕಾಗಿಲ್ಲ, ಒತ್ತಿರೆಂದವನು ಮೋಸಗಾರ. ಮೋಸವಾದರೆ ತಡಮಾಡದೆ 1930ಕ್ಕೆ ಫೋನ್ ಮಾಡಿರಿ.

ಸಾಲದ ಸಂದೇಶ ಬಂದರೆ ಗಲ್ಲೆಯ ಮೇಲೆ ಕುಳಿತೇ ಒಪ್ಪಿಗೆ ಒತ್ತಬೇಡಿರಿ. ಮನೆಗೆ ಬಂದು, ಹಿರಿಯರನ್ನು ಕೂರಿಸಿಕೊಂಡು, ಕಾಗದದ ಮೇಲೆ ಒಮ್ಮೆ ಲೆಕ್ಕ ಹಾಕಿರಿ. ಎರಡು ನಿಮಿಷದಲ್ಲಿ ಸಿಗುವ ಸಾಲ ನಾಳೆಯೂ ಸಿಗುತ್ತದೆ.