ಸಲಹೆ ಕೇಳುವ ಶಾಸ್ತ್ರ

ಸ್ಮಾರ್ಟ್ ಸಿಟಿ ಎಂಬ ಮಹಾಯೋಜನೆ 2015ರ ಜೂನ್ 25ರಂದು ಹುಟ್ಟಿ, ಗಡುವಿನ ಮೇಲೆ ಗಡುವು ಪಡೆದು, 2025ರ ಮಾರ್ಚ್ 31ಕ್ಕೆ ಮುಗಿಯಿತು. ದೇಶದ 100 ನಗರಗಳ ಪೈಕಿ ನಮ್ಮ ರಾಜ್ಯದವು ಏಳು: ಬೆಳಗಾವಿ, ದಾವಣಗೆರೆ, ಹುಬ್ಬಳ್ಳಿ-ಧಾರವಾಡ, ಶಿವಮೊಗ್ಗ, ತುಮಕೂರು, ಮಂಗಳೂರು, ಬೆಂಗಳೂರು. ನಗರವೊಂದಕ್ಕೆ ಕೇಂದ್ರದಿಂದ ಸುಮಾರು 500 ಕೋಟಿ, ರಾಜ್ಯ ಮತ್ತು ನಗರಪಾಲಿಕೆಯ ಕಡೆಯಿಂದ ಅಷ್ಟೇ ಹಣ ಎಂದು ಲೆಕ್ಕ ಹಾಕಲಾಗಿತ್ತು. ಸಾವಿರ ಕೋಟಿ! ಇದು ಯಾವ ಸಾಹುಕಾರನ ಗಂಟೂ ಅಲ್ಲ. ಸೋಪು, ಬೆಂಕಿಪೊಟ್ಟಣ ಕೊಳ್ಳುವ ಮುದುಕಿಯೂ ತೆರಿಗೆ ತೆತ್ತು ತುಂಬಿಸಿದ ಬೊಕ್ಕಸದ ಹಣ.

ಈ ಹಣದ ವಿನಿಯೋಗದಲ್ಲಿ ಆ ಮುದುಕಿಯ ಮಾತು ನಡೆಯಿತೆ ಎಂದು ಕೇಳಿದರೆ, "ನಾಗರಿಕರ ಸಲಹಾ ವೇದಿಕೆ ಇತ್ತಲ್ಲ" ಎಂಬ ಉತ್ತರ ಸಿದ್ಧವಾಗಿದೆ. ಇತ್ತು, ನಿಜ. ಅದರ ರಚನೆಯನ್ನು ಓದುಗರು ಒಮ್ಮೆ ನೋಡಬೇಕು. ಜಿಲ್ಲಾಧಿಕಾರಿ, ಲೋಕಸಭಾ ಸದಸ್ಯರು, ಶಾಸಕರು, ಮೇಯರು, ತಾಂತ್ರಿಕ ತಜ್ಞರು, ಸ್ಥಳೀಯ ಯುವಕರು. ಇವರೆಲ್ಲ ಕುಳಿತ ಮೇಲೆ ನಿವಾಸಿಗಳ ಸಂಘ, ತೆರಿಗೆದಾರರ ಸಂಘ, ಕೊಳೆಗೇರಿ ಒಕ್ಕೂಟ, ಮಹಿಳಾ ಮಂಡಳಿ, ವಾಣಿಜ್ಯ ಮಂಡಳಿ ಇಂಥವುಗಳಿಂದ "ಕನಿಷ್ಠ ಒಬ್ಬರು". ಸಭೆ ಕರೆಯುವ ಸಂಚಾಲಕರು ಯಾರು? ಕಾಮಗಾರಿ ನಡೆಸುವ ಕಂಪನಿಯ ಮುಖ್ಯಾಧಿಕಾರಿಯೇ! ನಾವು ಕೆಲವು ವರ್ಷ ಮಾಸ್ತರಿಕೆ ಮಾಡಿದವರು. ಉತ್ತರಪತ್ರಿಕೆಯನ್ನು ಹುಡುಗನ ಕೈಗೇ ಕೊಟ್ಟು, ಅಂಕ ನೀನೇ ಹಾಕಿಕೋ ಎನ್ನುವ ಪದ್ಧತಿಯನ್ನು ಯಾವ ಶಾಲೆಯಲ್ಲೂ ಕಾಣಲಿಲ್ಲ.

ಸಲಹೆ ಕೊಡುವುದು, ಸಹಕಾರ ಏರ್ಪಡಿಸುವುದು, ಇಷ್ಟೇ ವೇದಿಕೆಯ ಕೆಲಸವೆಂದು ಸರ್ಕಾರದ ಮಾರ್ಗಸೂಚಿಯೇ ಬರೆಯಿತು. ಟೆಂಡರನ್ನು ತಡೆಹಿಡಿಯುವ ಅಧಿಕಾರವನ್ನಾಗಲಿ, ಬಿಲ್ಲಿಗೆ ಒಪ್ಪಿಗೆ ಹಾಕುವ ಅಧಿಕಾರವನ್ನಾಗಲಿ ಕೊಡಲಿಲ್ಲ. ಕೋಳಿಯನ್ನು ಕೇಳಿ ಯಾರೂ ಮಸಾಲೆ ಅರೆಯುವುದಿಲ್ಲ. ಇಲ್ಲಿ ಅರೆದಾದ ಮೇಲೆ ಕೋಳಿಯನ್ನು ಕರೆದು, ಉಪ್ಪು ಸಾಕೇ ಎಂದು ಕೇಳುವ ಸೌಜನ್ಯವೊಂದು ಹೆಚ್ಚಿಗೆ.

ಇನ್ನೂ ದೊಡ್ಡ ಅನ್ಯಾಯ ಈ ವೇದಿಕೆಯ ಹಿಂದೆ ಅಡಗಿದೆ. ಜನ ಓಟು ಹಾಕಿ ಕಳಿಸಿದ ನಗರಪಾಲಿಕೆ ಇರುವಾಗ, ರಾಜ್ಯ ಮತ್ತು ಪಾಲಿಕೆ ಸಮಪಾಲು ಷೇರು ಹೊಂದಿದ ಕಂಪನಿಯೊಂದನ್ನು ಕಟ್ಟಿ, ಯೋಜನೆಯ ಮಟ್ಟಿಗೆ ಪಾಲಿಕೆಯ ಹಕ್ಕು-ಹೊಣೆಗಳನ್ನು ಅದಕ್ಕೆ ವಹಿಸಿರೆಂದು ಅದೇ ಮಾರ್ಗಸೂಚಿ ಉತ್ತೇಜಿಸಿತು. ಸಂವಿಧಾನದ 74ನೇ ತಿದ್ದುಪಡಿ 1993ರಲ್ಲೇ ಜಾರಿಗೆ ಬಂದು, ಮೂರು ಲಕ್ಷ ಮತ್ತು ಅದಕ್ಕೆ ಮೇಲ್ಪಟ್ಟ ಜನಸಂಖ್ಯೆಯ ನಗರಗಳಲ್ಲಿ ವಾರ್ಡು ಸಮಿತಿ ಇರಲೇಬೇಕೆಂದಿತು. ಸಂವಿಧಾನ ಹೇಳಿದ ಸಮಿತಿಯನ್ನು ಬದಿಗಿಟ್ಟು ಸುತ್ತೋಲೆ ಹೇಳಿದ ವೇದಿಕೆಗೆ ಮಾಲೆ ಹಾಕುವುದೇಕೆ? ಬೆಂಗಳೂರಿನಲ್ಲಂತೂ 2020ರ ಸೆಪ್ಟೆಂಬರಿನಲ್ಲಿ ಪಾಲಿಕೆಯ ಅವಧಿ ಮುಗಿದ ಮೇಲೆ ಐದು ವರ್ಷ ಚುನಾವಣೆಯೇ ನಡೆಯಲಿಲ್ಲ. ಲೋಹಿಯಾ ಅವರು ಚೌಖಂಬಾ ರಾಜ್ಯದ ಮಾತನ್ನಾಡಿದ್ದು ಗ್ರಾಮ, ಜಿಲ್ಲೆ, ಪ್ರಾಂತ, ಕೇಂದ್ರ ನಾಲ್ಕೂ ಕಂಬಗಳು ಭಾರ ಹೊರಲೆಂದು. ಕೆಳಗಿನ ಕಂಬವನ್ನು ಕಿತ್ತು ಅದರ ಜಾಗದಲ್ಲಿ ಕಂಪನಿಯ ಫಲಕ ನೆಟ್ಟರು.

ಸಾಮಾನ್ಯ ಜನಕ್ಕೆ ಎಂಜಿನಿಯರಿಂಗ್ ತಿಳಿಯುವುದೇ ಎಂದು ವಿದ್ಯಾವಂತ ಮಿತ್ರರು ಮೂಗು ಮುರಿಯುತ್ತಾರೆ. ಚರಂಡಿಯ ಇಳಿಜಾರು ತಪ್ಪಿದರೆ ನೀರು ಯಾರ ಅಡಿಗೆಮನೆಗೆ ನುಗ್ಗುತ್ತದೆಂಬುದು ಆ ಬೀದಿಯ ಹೆಂಗಸಿಗೆ ಎಂಜಿನಿಯರಿಗಿಂತ ಮೊದಲು ಗೊತ್ತು. ಲೆಕ್ಕದ ಮಾತಿಗೆ ಬಂದರೆ, ರಾಜಸ್ಥಾನದ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯವರು 1994ರ ಡಿಸೆಂಬರಿನಲ್ಲಿ ಕೋಟ್ ಕಿರಾನಾ ಎಂಬ ಹಳ್ಳಿಯಲ್ಲಿ ಏನು ಮಾಡಿದರು? ಸರ್ಕಾರಿ ಕಾಮಗಾರಿಯ ಹಾಜರಿ ಪಟ್ಟಿಯನ್ನು ಜನರೆದುರು ಗಟ್ಟಿಯಾಗಿ ಓದಿಸಿದರು. ದುಡಿಯದವರ ಹೆಸರಿನಲ್ಲಿ ಕೂಲಿ ಎತ್ತಿದ್ದು ಅಲ್ಲೇ ಬಯಲಾಯಿತು. ಓದು ಬಾರದ ಕೂಲಿಕಾರರೇ ಸಾಕ್ಷಿ, ಅವರೇ ಲೆಕ್ಕ ತನಿಖೆದಾರರು! ಅಲ್ಲಿಂದ ಬೆಳೆದ ಚಳವಳಿಯೇ 2005ರ ಮಾಹಿತಿ ಹಕ್ಕಿನ ಕಾಯಿದೆಗೆ ದಾರಿ ಮಾಡಿತು. ಅವರು ಸಲಹೆ ಕೊಡಲು ಹೋಗಲಿಲ್ಲ, ಲೆಕ್ಕ ಕೇಳಿದರು.

ಯೋಜನೆ ಮುಗಿದ ಮೇಲೆ ಈ ಗೋಳು ಏಕೆ ಎನ್ನಬೇಡಿ. ಕಂಪನಿಗಳನ್ನು ಮುಂದೆಯೂ ಬೇರೆ ಕೆಲಸಗಳಿಗೆ ಬಳಸಿಕೊಳ್ಳಿರೆಂದು 2025ರಲ್ಲಿ ಕೇಂದ್ರವು ರಾಜ್ಯಗಳಿಗೆ ಸಲಹೆ ಕಳಿಸಿತು. (ಮೇಲಿಂದ ಬರುವ ಸಲಹೆಗೆ ಇರುವ ಕಿಮ್ಮತ್ತೇ ಬೇರೆ.) ಮುಂದಿನ ಕಂತಿನ ಹಣ ಬರುವ ಮೊದಲೇ ನಮ್ಮ ಬೇಡಿಕೆ ಇಡಬೇಕಾಗಿದೆ. ಅಂದಾಜುಪಟ್ಟಿ, ಅಳತೆ ಪುಸ್ತಕ, ಬಿಲ್ಲು ಈ ಮೂರರ ನಕಲು ಕನ್ನಡದಲ್ಲಿ ವಾರ್ಡು ಸಭೆಗೆ ಬರಬೇಕು. ಸಭೆ ನೋಡಿ ಒಪ್ಪುವ ತನಕ ಕಂಟ್ರಾಕ್ಟರಿಗೆ ಕೊನೆಯ ಪಾವತಿ ಆಗಬಾರದು. ಸಮಿತಿಯಲ್ಲಿ ತಳ್ಳುಗಾಡಿಯವರು, ಪೌರಕಾರ್ಮಿಕರು, ಕೊಳೆಗೇರಿಯ ಹೆಂಗಸರು ತಾವೇ ಆರಿಸಿದ ಪ್ರತಿನಿಧಿಗಳ ಮೂಲಕ ಕೂರಬೇಕು, ಜಿಲ್ಲಾಧಿಕಾರಿಯ ಆಯ್ಕೆಯಿಂದಲ್ಲ.

ಸಮಿತಿಯ ಕುರ್ಚಿಯ ಆಸೆ ನಮ್ಮವರಲ್ಲೂ ಕೆಲವರಿಗೆ ಇಲ್ಲದಿಲ್ಲ. ಈ ಬೇಡಿಕೆ ಈಡೇರುವ ತನಕ ಯಾವ ಸಲಹಾ ವೇದಿಕೆಗೂ ನಮ್ಮ ಸಂಗಾತಿಗಳು ಹೆಸರು ಕೊಡಬಾರದು. ಆಹ್ವಾನ ಪತ್ರ ಬಂದರೆ ಅದರ ಬೆನ್ನಿಗೇ ಲೆಕ್ಕಪತ್ರ ಕೇಳುವ ಅರ್ಜಿಯನ್ನು ಬರೆದು ಹಿಂದಿರುಗಿಸಲಿ.